ಅರ್ಜಿ ಹಾಕಿದ ದಿನದ ಜೇಬು

ಎಲ್ಲ ರಗಳೆಗೂ ಮೂಲ ಊರ್ಮಿಳಾ. ಇಂಡಿಯನ್ ಗ್ರೋಸರಿಯಲ್ಲಿ ಬೆಂಡೆಕಾಯಿ ಆರಿಸುತ್ತ, "ನಾಳೆ ನಮ್ಮನೆಯವ್ರು ಕಾನೂನು ಮಾಡೋರ ಮುಂದೆ ಮಾತಾಡ್ತಾರೆ" ಎಂದು ಒಬ್ಬರಿಗೆ, ಒಬ್ಬರಿಗೆ ಮಾತ್ರ, ಹೇಳಿದ್ದಳು. ಆ ಒಬ್ಬರು ಪಕ್ಕದ ಮನೆಯ ಕೆಂಪರಾಜು ಆಗಿದ್ದೇ ತಪ್ಪಾಯಿತು. ಬೆಳಿಗ್ಗೆ ಎಂಟಕ್ಕೆಲ್ಲ ಸಾಂಟಾ ಕ್ಲಾರಾದ ಕನ್ನಡಿಗರಲ್ಲಿ ಅರ್ಧ ಜನ ಅವಳ ಗಂಡ ರಘೋತ್ತಮನ ಬಾಗಿಲಲ್ಲಿದ್ದರು.

ರಘೋತ್ತಮ ಬಾಗಿಲನ್ನು ಅರ್ಧವೇ ತೆರೆದ. ಅವನು ಕೆಲಸಕ್ಕಿದ್ದ ಡಾಟ್‌ಕಾಂ ಕಂಪನಿ ಬಾಗಿಲು ಹಾಕಿ ನಾಲ್ಕು ತಿಂಗಳಾಗಿತ್ತು. ಹೆಂಡತಿ, ಮಗಳನ್ನು ಬಿಟ್ಟರೆ ಯಾರಿಗೂ ಅದು ಗೊತ್ತಿರಲಿಲ್ಲ. ದಿನಾ ಟೈ ಕಟ್ಟಿ, ಚಿತ್ರಾನ್ನದ ಡಬ್ಬಿ ಹಿಡಿದು ಹೊರಟು, ಸಂಜೆವರೆಗೆ ಲೈಬ್ರರಿಯಲ್ಲಿ ಕೂತು ಬರುತ್ತಿದ್ದ. ಇತ್ತ ಮಗಳು ಶರಣ್ಯಾಳ ಕಾಲೇಜಿನ ಸರ್ಕಾರಿ ವಿದ್ಯಾರ್ಥಿವೇತನ ಕೈತಪ್ಪಿತ್ತು. ನಿಯಮದ ಪ್ರಕಾರ ನೋಡುವುದು ಹೋದ ವರ್ಷದ ಆದಾಯ. ಹೋದ ವರ್ಷ ಅಪ್ಪ ಕಾಗದದ ಮೇಲೆ ಕುಬೇರ! ಆ ನಿಯಮ ತಿದ್ದುವ ಮಸೂದೆ ತಯಾರಾಗುತ್ತಿತ್ತು. ಶಾಸಕರ ಸಮಿತಿ ಜನರ ಮಾತು ಕೇಳಲು ಊರಿಗೇ ಬಂದಿತ್ತು. ಯಾರಿಗೂ ತಿಳಿಯದ ಹಾಗೆ ಎರಡು ನಿಮಿಷ ಮಾತಾಡಿ ಬಂದರೆ, ಮುಂದಿನ ವರ್ಷವಾದರೂ ಮಗಳಿಗೆ ಸಿಕ್ಕೀತು ಎಂಬ ಆಸೆ ಅವನದು.

"ಏನ್ರೀ, ಈ ಶರ್ಟಲ್ಲಿ ಹೋಗ್ತೀರಾ? ನಮ್ಮೋರ ಮರ್ಯಾದೆ ಪ್ರಶ್ನೆ ಕಣ್ರೀ!" ಎಂದ ಕೆಂಪರಾಜು. ಮಂಡ್ಯದವನು, ಪ್ಲೆಸೆಂಟನ್‌ನಲ್ಲಿ ಸ್ವಂತ ಕಂಪನಿ, ಯಾರು ಏನೇ ಅಂದರೂ "ನಾನಿದ್ದೀನಲ್ಲ" ಅನ್ನುವ ಚಾಳಿ. ತನ್ನ ರೇಷ್ಮೆ ಕೋಟು ತೊಡಿಸಿ, ಚಿನ್ನದ ವಾಚು ಕಟ್ಟಿ, ಮದುಮಗನಂತೆ ಬೆಂಜ್ ಕಾರಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟ.

ಮೈಕ್ ಕಂಡದ್ದೇ ತಡ, ರಘೋತ್ತಮನಿಗೆ ಕನ್ನಡ ಸಂಘದ ಅಭ್ಯಾಸ ಮರುಕಳಿಸಿತು. ವೇದಿಕೆಯ ಮೇಲಿದ್ದ ಒಬ್ಬೊಬ್ಬರಿಗೂ ವಂದಿಸಿ, ನೀರು ತಂದಿಟ್ಟವರಿಗೂ ಕೃತಜ್ಞತೆ ಹೇಳುವಷ್ಟರಲ್ಲಿ ಒಂದೂವರೆ ನಿಮಿಷ ಕಳೆದಿತ್ತು. ಸಮಿತಿಯ ಅಧ್ಯಕ್ಷೆ ಕೋಟನ್ನೊಮ್ಮೆ, ವಾಚನ್ನೊಮ್ಮೆ ನೋಡಿದರು.

"ನಿಮ್ಮಂಥವರ ಮಕ್ಕಳಿಗೆ ಯಾಕೆ ಬೇಕು ಸ್ವಾಮಿ, ಸರ್ಕಾರದ ನೆರವು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹಿಂದೆ ಮೂರು ಸಾಲು ಕನ್ನಡಿಗರು. ಅವರ ಮುಂದೆ ಉಗುರು ಕಚ್ಚುತ್ತ ಕೂತ ಶರಣ್ಯಾ. ರಘೋತ್ತಮ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ.

"ಇದು ಎರವಲು, ವಾಚೂ ಎರವಲು. ನಾಲ್ಕು ತಿಂಗಳಿಂದ ನನಗೆ ಕೆಲಸ ಇಲ್ಲ. ಲೈಬ್ರರಿಯಲ್ಲಿ ಕೂತು ಡಬ್ಬಿ ಖಾಲಿ ಮಾಡಿ ಬರುತ್ತೇನೆ. ಹೋದ ವರ್ಷದ ಜೇಬು ನೋಡಬೇಡಿ. ಅರ್ಜಿ ಹಾಕಿದ ದಿನ ಹೆತ್ತವರ ಜೇಬಿನಲ್ಲಿ ಏನಿದೆಯೋ ಅದನ್ನಷ್ಟೇ ನೋಡಿ!"

ಚಪ್ಪಾಳೆಯೋ ಚಪ್ಪಾಳೆ. ಈ ಮಾತನ್ನೇ ಮಸೂದೆಗೆ ಸೇರಿಸೋಣ ಎಂದರು ಅಧ್ಯಕ್ಷೆ. "ದಟ್ಸ್ ಮೈ ಡ್ಯಾಡ್!" ಎಂದು ಶರಣ್ಯಾ ಪಕ್ಕದವರಿಗೆಲ್ಲ ಹೇಳಿದಳು. ಆ ಕ್ಷಣ ರಘೋತ್ತಮನಿಗೆ ಬೇರೇನೂ ಬೇಕೆನಿಸಲಿಲ್ಲ.

ಹೊರಗೆ ಕೆಂಪರಾಜು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ.

"ಒಂದು ಮಾತು ಹೇಳಬಾರ್ದಿತ್ತೇನ್ರೀ? ನಾನಿದ್ದೀನಲ್ಲ! ಸೋಮವಾರದಿಂದ ನಮ್ಮ ಕಂಪನಿಗೆ ಬನ್ನಿ. ಹಳೇ ಸಂಬಳದ ಒಂದೂವರೆ ಪಟ್ಟು. ಬೇಡ ಅಂದ್ರೆ ನನ್ನಾಣೆ."

ಮಸೂದೆ ಕಾನೂನಾಯಿತು. ಮರುವರ್ಷ ಮಾರ್ಚ್ ಒಂದು, ಕೊನೆಯ ದಿನ, ಶರಣ್ಯಾ ಅರ್ಜಿ ಹಾಕಿದಳು. ಕೆಂಪರಾಜು ಕೊಡುವ ಒಂದೂವರೆ ಪಟ್ಟು ಸಂಬಳ ಅಪ್ಪನ ಜೇಬು ಸೇರಿದ್ದು ಹಿಂದಿನ ದಿನವಷ್ಟೇ. ಮಾರ್ಚ್ ಮೂರಕ್ಕೆ ಕೆಂಪರಾಜುವಿನ ಕಂಪನಿ ಮುಚ್ಚಿತು.

ಏಪ್ರಿಲ್‌ನಲ್ಲಿ ಪತ್ರ ಬಂತು. ಅರ್ಜಿ ತಿರಸ್ಕೃತ. ಹೊಸ ಕಾನೂನಿನಂತೆ, ಅರ್ಜಿ ಹಾಕಿದ ದಿನ ಹೆತ್ತವರ ಜೇಬಿನಲ್ಲಿ ಏನಿದೆಯೋ ಅದನ್ನಷ್ಟೇ ನೋಡಲಾಗಿದೆ.

ಊರ್ಮಿಳಾ ತಲೆಯ ಮೇಲೆ ಕೈ ಹೊತ್ತು ಕೂತಳು. ರಘೋತ್ತಮ ಎರಡು ಸಲ ಓದಿದ. ಕಣ್ಣು ತುಂಬಿ ಬಂತು.

"ಪೂರ್ತಿ ನಂದೇ ಮಾತು ಕಣೇ! ಜೇಬನ್ನೂ ಬಿಟ್ಟಿಲ್ಲ ನೋಡು!"

ಮರುದಿನವೇ ಪತ್ರಕ್ಕೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ. ಮೊಳೆ ಹೊಡೆದುಕೊಟ್ಟವನು ಕೆಂಪರಾಜು. ಟೈ ಕಟ್ಟಿ, ಚಿತ್ರಾನ್ನದ ಡಬ್ಬಿ ಹಿಡಿದು, ಲೈಬ್ರರಿಗೆ ಜೊತೆಯಾಗಿ ಹೋಗಲು ಅವನು ಹೇಗೂ ಬಂದಿದ್ದ.