ಭಾವ ಹೆದರಿಸಿದ್ದು ಯಾರನ್ನು?

“ಒಬ್ಬನ ಮೇಲಿನ ಸಿಟ್ಟು ಅಂದ್ಬಿಡಿ ಭಾವ, ಸಾಕು. ಒಬ್ಬನೇ ಒಬ್ಬ.”

“ಅನ್ನಲ್ಲ ಕಣಯ್ಯಾ. ನಾನು ಎಸೆದದ್ದು ಒಬ್ಬನಿಗಲ್ಲ, ಇಡೀ ಸಮಾಜಕ್ಕೆ.”

ವಕೀಲ ಹಣೆ ಚಚ್ಚಿಕೊಂಡ. ಲಾಕಪ್ಪಿನ ಕಂಬಿಯಾಚೆ ಸ್ವಂತ ಅಕ್ಕನ ಗಂಡ, ಬೀದಿಗೆಲ್ಲ ಬೇಕಾದ ದರ್ಜಿ, ಫೋಟೋ ತೆಗೆಸಿಕೊಳ್ಳಲು ಬಂದವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಈ ಮಹಾಶಯ ಬೆಳಿಗ್ಗೆ ಮನೆ ಎದುರಿನ ಜಿಮ್ಮಿನೊಳಕ್ಕೆ ಉರಿಯುವ ಸೀಮೆಎಣ್ಣೆ ಬಾಟ್ಲಿ ಎಸೆದು, ಕನ್ನಡಿ ಒಡೆದು, ಜಿಮ್ ಮಾಸ್ಟರನ ಅರ್ಧ ಮೀಸೆ ಸುಟ್ಟಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಹೇಗೋ ಆಗುತ್ತಿತ್ತು. ನಡುಬೀದಿಯಲ್ಲಿ ನಿಂತು, “ಇದು ಎಲ್ಲರಿಗೂ ಎಚ್ಚರಿಕೆ! ಸದ್ದು ನಿಲ್ಲೋ ತನಕ ಬಿಡಲ್ಲ!” ಎಂದು ಗಂಟಲು ಹರಿಯುವಂತೆ ಬೇರೆ ಕೂಗಿದ್ದ. ಆ ಕೂಗೇ ಈಗ ಕುತ್ತಿಗೆಗೆ ಬಂದಿತ್ತು.

“ನೋಡ್ರಿ ವಕೀಲ್ರೇ,” ಎಂದರು ಮೇಜಿನ ಹಿಂದಿನ ಇನ್ಸ್‌ಪೆಕ್ಟರು. “ಒಬ್ಬನ ಮೇಲಿನ ಸಿಟ್ಟಿಗೆ ಎಸೆದಿದ್ರೆ ಮಾಮೂಲಿ ಹಲ್ಲೆ, ನಾಳೆ ಜಾಮೀನು. ಜನರನ್ನ ಹೆದರಿಸಿ ತನ್ನ ಮಾತು ನಡೆಸ್ಕೊಳ್ಳೋಕೆ ಎಸೆದಿದ್ರೆ ಭಯೋತ್ಪಾದನೆ. ಆಮೇಲೆ ಜಾಮೀನಿನ ಮಾತೇ ಎತ್ತಬೇಡಿ.”

“ಎರಡನೇದು,” ಎಂದ ದರ್ಜಿ.

“ಭಾವ! ಇದೇನು ಹೋಟ್ಲಾ, ಬೇಕಾದ್ದು ಆರಿಸ್ಕೊಳ್ಳೋಕೆ? ಬಾಯ್ಮುಚ್ಚಿ!”

ಪಾಪ, ವಕೀಲ ಮನೆ ಬಾಡಿಗೆಯ ಜಗಳ ಬಿಟ್ಟು ಬೇರೆ ಕೇಸು ಕಂಡವನಲ್ಲ. ಆದರೂ ಬೆವರೊರೆಸಿಕೊಂಡು ಕೈಯಲ್ಲಾದದ್ದು ಮಾಡಿದ.

“ಸಾರ್, ಭಯೋತ್ಪಾದನೆ ಅನ್ನಬೇಕಾದ್ರೆ ಯಾರಾದ್ರೂ ಹೆದರಬೇಕಲ್ಲ?”

“ಟ್ರೆಡ್‌ಮಿಲ್ ಮೇಲಿದ್ದವನೊಬ್ಬ ಇಳಿದು ಓಡಿಹೋದನಂತೆ.”

“ಅವನು ಮೊದಲಿಂದಲೂ ಓಡ್ತಾನೇ ಇದ್ದ ಸಾರ್!”

“ಅಲ್ಲೇ ಓಡ್ತಿದ್ದ. ಇವತ್ತು ಮನೆ ಮುಟ್ಟಿದ. ಭಯ ಅಂದ್ರೆ ಅದೇ ಅಲ್ವೇನ್ರೀ?”

ವಕೀಲ ಮತ್ತೆ ಕಂಬಿಯ ಕಡೆ ತಿರುಗಿದ.

“ಆ ಜಿಮ್ ಮಾಸ್ಟರ್ ಮೇಲೆ ಹಳೇ ದ್ವೇಷ ಏನಾದ್ರೂ?”

“ಛೆ ಛೆ, ಒಳ್ಳೇ ಹುಡುಗ. ನನ್ನದು ತತ್ತ್ವದ ಹೋರಾಟ. ಬೆಳಕು ಹರಿಯೋಕ್ಮುಂಚೆ ಡಬಡಬ ಅಂತ ಹಾಡು ಹಾಕಿ ಜನರ ನಿದ್ದೆ ಕೆಡಿಸೋರ ವಿರುದ್ಧ.”

“ತತ್ತ್ವ ಅನ್ನಬೇಡಿ! ತತ್ತ್ವ ಜಾಸ್ತಿಯಾದಷ್ಟೂ ಶಿಕ್ಷೆ ಜಾಸ್ತಿ! ಒಂಚೂರು ಸಣ್ಣತನ ತೋರಿಸಿ ಭಾವ, ನಿಮ್ಮ ಕಾಲು ಹಿಡೀತೀನಿ. ಹೊಟ್ಟೆಕಿಚ್ಚು, ಗಾಡಿ ನಿಲ್ಲಿಸೋ ಜಾಗದ ಜಗಳ, ಏನಾದ್ರೂ!”

“ನಮ್ಮ ಮನೆತನದಲ್ಲೇ ಸಣ್ಣತನ ಇಲ್ಲ.”

ಅಷ್ಟರಲ್ಲಿ ಅಕ್ಕ ಬಿ.ಪಿ. ಮಾತ್ರೆ, ನೀರಿನ ಬಾಟ್ಲಿ ಹಿಡಿದು ಒಳಗೆ ಬಂದಳು.

“ಇವರಿಗೆ ನಿದ್ದೆ ಕೆಟ್ಟಿತಂತಾ? ಸಾರ್, ಇವರ ಗೊರಕೆಗೆ ಆ ಜಿಮ್ಮಿನವರೇ ಬಂದು ಕಂಪ್ಲೇಂಟ್ ಕೊಡ್ಬೇಕಿತ್ತು.”

“ಸುಮ್ನಿರೇ. ಹೋರಾಟಗಾರರ ಹೆಂಡ್ತೀರು ಹೀಗೆ ಮಾತಾಡಲ್ಲ.”

“ಹೋರಾಟಗಾರರು ಹೆಂಡ್ತಿ ಎತ್ತಿಟ್ಟ ಸೀಮೆಎಣ್ಣೆ ಕದಿಯಲ್ಲ!” ಎಂದವಳ ದನಿ ಅಲ್ಲೇ ಒಡೆಯಿತು. “ನಿಜ ಹೇಳ್ರೀ, ಏನಾಯ್ತು ನಿಮಗೆ? ನಿಮ್ಮನ್ನ ಒಳಗೆ ಹಾಕಿದ್ರೆ ನಾನು ಹೇಗಿರ್ಲಿ?”

ದರ್ಜಿ ಗೋಡೆಯ ಕಡೆ ಮುಖ ತಿರುಗಿಸಿದ. ಅಕ್ಕನ ಕಣ್ಣು ತುಂಬಿದ್ದು ನೋಡಿ ವಕೀಲ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತುಬಿಟ್ಟ. ಇನ್ನು ಮಾಡುವುದೇನೂ ಉಳಿದಿರಲಿಲ್ಲ.

ಬಾಗಿಲಲ್ಲಿ ಬನಿಯನ್ನು ತೊಟ್ಟ ದೊಡ್ಡ ದೇಹವೊಂದು ಕಾಣಿಸಿತು. ಕೈಗೆ ಬ್ಯಾಂಡೇಜು, ಮೂಗಿನ ಕೆಳಗೆ ಅರ್ಧ ಮೀಸೆ. ಜಿಮ್ ಮಾಸ್ಟರನೇ. ಅವನು ನೇರವಾಗಿ ಕಂಬಿಯ ಹತ್ತಿರ ನಡೆದು ಇನ್ಸ್‌ಪೆಕ್ಟರ ಕಡೆ ತಿರುಗಿದ.

“ಸಾರ್, ನನಗೆ ಕೇಸು ಬೇಡ. ಇವರನ್ನ ಬಿಟ್ಬಿಡಿ.”

“ಯಾಕಪ್ಪಾ, ಪರಿಚಯವೇ?”

“ಮೊನ್ನೆ ಈ ಮೇಡಂ ಜಿಮ್ಮಿನ ಬಗ್ಗೆ ವಿಚಾರಿಸೋಕೆ ಬಂದಾಗ ಇವರೂ ಜೊತೆಗಿದ್ರು. ಆಗಲೇ ಹೇಳಿದ್ದೆ, ‘ಮೇಡಂ, ನಿಮ್ಮ ತಂದೆಯವರನ್ನೂ ಸೇರಿಸಿ’ ಅಂತ. ವಯಸ್ಸಾದವರು ಸುಮ್ನೆ ಕೂತ್ರೆ ತಲೆ ಹೀಗೇ ಕೆಡುತ್ತೆ ಸಾರ್. ಪಾಪ, ದೊಡ್ಡವರು. ಹೋಗ್ಲಿ ಬಿಡಿ.”

ಅಕ್ಕ ಗಕ್ಕನೆ ಗಂಡನ ಕಡೆ ತಿರುಗಿದಳು.

“ಅಯ್ಯೋ, ಅದಕ್ಕೇನ್ರೀ ನೀವು ಬಾಟ್ಲಿ ಎಸೆದದ್ದು!” ಎಂದಳು.

ಕಂಬಿಯ ಸಂದಿಯಿಂದ ಎರಡು ಕೈ ಹೊರಬಂದು ಜಿಮ್ ಮಾಸ್ಟರನ ಬನಿಯನ್ನು ಹಿಡಿದುಕೊಂಡವು.

“ಯಾರೋ ತಂದೆ? ಯಾವನೋ ತಂದೆ? ಇವಳಿಗಿಂತ ನಾಲ್ಕೇ ವರ್ಷ ದೊಡ್ಡವನು ಕಣೋ ನಾನು! ಸಮಾಜ ಹಾಳಾಗಿ ಹೋಗ್ಲಿ! ನಾನು ಎಸೆದದ್ದು ನಿನಗೇ, ನಿನ್ನೊಬ್ಬನಿಗೇ!”

ವಕೀಲ ಕೂತಲ್ಲಿಂದ ನೆಗೆದ. ಜನ್ಮದಲ್ಲಿ ಇಷ್ಟು ಸಂತೋಷ ಅವನಿಗೆ ಯಾವ ಕೇಸಿನಲ್ಲೂ ಆಗಿರಲಿಲ್ಲ.

“ಕೇಳಿಸ್ತಾ ಸಾರ್? ಒಬ್ಬನಿಗೇ ಅಂತೆ!”

“ಕೇಳಿಸ್ತು, ಕೇಳಿಸ್ತು. ಮಾಮೂಲಿ ಹಲ್ಲೆ,” ಎಂದು ಇನ್ಸ್‌ಪೆಕ್ಟರು ಬರೆಯತೊಡಗಿದರು. “ಕಾರಣ, ಆರೋಪಿಯನ್ನು ಹೆಂಡತಿಯ ತಂದೆ ಎಂದು ತಿಳಿದದ್ದು. ನಾಳೆ ಕೋರ್ಟಲ್ಲಿ ಎಲ್ಲರೆದುರಿಗೂ ಇದನ್ನ ಜೋರಾಗಿ ಓದ್ತಾರೆ, ಅಷ್ಟೇ.”

ದರ್ಜಿಯ ಹಿಡಿತ ಸಡಿಲವಾಯಿತು. ಕಂಬಿಗೆ ಮುಖ ಒತ್ತಿ, ದನಿ ತಗ್ಗಿಸಿ ಮೆಲ್ಲಗೆ ಕೇಳಿದ:

“ಸಾರ್... ಭಯೋತ್ಪಾದನೆ ಅಂತಲೇ ಬರ್ಕೊಳ್ಳೋಕೆ ಆಗುತ್ತಾ ನೋಡಿ.”