ಕಲಾಯಿ ಗುಂಡು

ನನ್ನ ಯಜಮಾನರ ಸೋದರಮಾವನಷ್ಟು ಸುಳ್ಳು ಹೇಳುವವರನ್ನು ನಾನು ಸುಳ್ಯದಿಂದ ಸಂಪಾಜೆಯವರೆಗೆ ಎಲ್ಲೂ ಕಂಡಿಲ್ಲ. ಅವರಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನೂ ಕಂಡಿಲ್ಲ. ಸುಳ್ಳೂ ಒಂದು ವಿದ್ಯೆಯೇ ತಾನೆ? ಕೇಳಿದವರು ನಂಬದಿದ್ದರೆ ಹೇಳಿದವರಾದರೂ ನಂಬಬೇಕು. ಮಾವನ ಸುಳ್ಳನ್ನು ಅವರ ಹಟ್ಟಿಯ ದನ ಕೂಡ ನಂಬುತ್ತಿರಲಿಲ್ಲ. ಇಷ್ಟೆಲ್ಲ ಸುಳ್ಳು ಯಾಕೆ ಅಂದರೆ, ಒಂದೇ ಒಂದು ಸಂಗತಿಯನ್ನು ಅವರ ಹೆಂಡತಿಯಿಂದ, ಅಂದರೆ ನಮ್ಮ ಅತ್ತೆಯಿಂದ ಮುಚ್ಚಿಡುವುದಕ್ಕೆ. ಆ ಸಂಗತಿ ಅತ್ತೆಗೆ ಮೊದಲೇ ಗೊತ್ತಿತ್ತು. ಅತ್ತೆಗೆ ಗೊತ್ತು ಎನ್ನುವುದು ಮಾವನಿಗೆ ಗೊತ್ತಿರಲಿಲ್ಲ!

ನಾನು ಮದುವೆಯಾಗಿ ಅರಂತೋಡಿಗೆ ಬಂದದ್ದು ಐವತ್ತರ ದಶಕ ಮುಗಿಯುತ್ತಿದ್ದಾಗ. ಯಜಮಾನರದ್ದು ಮಡಿಕೇರಿ ರಸ್ತೆಯ ಬದಿಯಲ್ಲಿ ಹೊಲಿಗೆ ಅಂಗಡಿ, ನಮ್ಮ ವಾಸ ಈ ಮಾವನ ಮನೆಯಲ್ಲಿ. ಮಾವ, ಅತ್ತೆ ಇಬ್ಬರೇ, ಮಕ್ಕಳಿರಲಿಲ್ಲ. ಬಂದ ಮೊದಲ ಆದಿತ್ಯವಾರವೇ ಮಾವ ಗಂಜಿ ಕುಡಿದು, ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿಯನ್ನು ಹೆಗಲಿಗೇರಿಸಿ ಹೊರಟರು. ಆ ಕಡೆ ಗಂಡಸರು ಕೋವಿ ಹಿಡಿದು ಕಾಡಿಗೆ ಹೋಗುವುದು ಆಗ ದೊಡ್ಡ ಸಂಗತಿಯೇನಲ್ಲ. ಬೇಟೆಗೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಾವ ಅದೊಂದನ್ನು ಬಿಟ್ಟು ಬೇರೆ ಎಲ್ಲವನ್ನೂ ಹೇಳುತ್ತಿದ್ದರು.

"ಇವತ್ತು ಎಂತಕ್ಕೆ ಹೊರಟದ್ದು?" ಎಂದು ಅತ್ತೆ ಕೇಳಿದರು.

"ಕೆಂಪು ದನ ಕಾಣುದಿಲ್ಲ. ಹುಡುಕ್ಲಿಕ್ಕೆ."

ಕೆಂಪು ದನ ಹಟ್ಟಿಯೊಳಗಿಂದ ಅಂಬಾ ಅಂದಿತು. ಮಾವ ಒಂದು ಗಳಿಗೆ ನಿಂತರು. "ಅದಲ್ಲ, ಬೇರೆ ಕೆಂಪು ದನ" ಎಂದು ಅಂಗಳ ದಾಟಿ ಹೋಗಿಯೇಬಿಟ್ಟರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅತ್ತೆ ನಗಲಿಲ್ಲ. ಆ ಮನೆಯಲ್ಲಿ ನಗು ಬರುವ ಸಂಗತಿ ದಿನಕ್ಕೊಂದು ನಡೆಯುತ್ತಿತ್ತು, ನಗುವವರು ಮಾತ್ರ ಇರಲಿಲ್ಲ.

ಇನ್ನೊಂದು ವಾರ ಜೇನು ತರುತ್ತೇನೆಂದು ಹೋದವರು ಮುಸ್ಸಂಜೆಗೆ ಬಾಳೆಲೆಯ ಪೊಟ್ಟಣ ಹಿಡಿದು ಬಂದರು. ಬಿಚ್ಚಿ ನೋಡಿದರೆ ಪೇಟೆಯ ಅಂಗಡಿಯ ಬೆಲ್ಲ! "ಜೇನೇ ಅದು, ಈ ಸಲ ಸ್ವಲ್ಪ ಗಟ್ಟಿ ಆಗಿದೆ" ಅಂದರು. ಅತ್ತೆ ಅದನ್ನು ಬೆಲ್ಲದ ಡಬ್ಬಿಗೆ ಹಾಕಿದರು.

ಮರದ ಮೇಲೆ ಅಟ್ಟಣೆ ಕಟ್ಟಿ ಪ್ರಾಣಿಗಾಗಿ ಕಾದು ಕೂರುವವರನ್ನು ಕಂಡರೆ ಮಾವನಿಗೆ ಆಗುತ್ತಿರಲಿಲ್ಲ. ಕಾಲಿದ್ದವನು ನೆಲದ ಮೇಲೆ ನಡೆದು ಬೇಟೆಯಾಡಬೇಕು ಎನ್ನುವುದು ಅವರ ಹಟ. ಅಂಥ ಮಾವನನ್ನೇ ಒಮ್ಮೆ ಹಂದಿ ಅಟ್ಟಿಸಿಕೊಂಡು ಬಂದು, ಸಂಜೆಯವರೆಗೆ ಮರದ ಮೇಲೆ ಕೂರಿಸಿತ್ತು. ಆ ದಾರಿಯಲ್ಲಿ ಮರಗೆಣಸು ತರಲು ಹೋದವರು ಕಂಡು ಬಂದು ಹೇಳಿದರು. "ಮೇಲೆ ಕೂತ್ರೆ ಹೇಗಿರ್ತದೆ ಅಂತ ನೋಡಿದ್ದು" ಅಂದರು ಮಾವ. ಕೈಯಲ್ಲಿ ಕೋವಿ ಇರುವಾಗ ಹಂದಿಗೆ ಹೆದರುವುದೆಂಥದು? ನಾನು ಹಾಗೆ ಕೇಳಿದ್ದಕ್ಕೆ ಅತ್ತೆ ಗೋಡೆಯ ಗೂಟ ತೋರಿಸಿದರು. ಕೋವಿಯ ಮದ್ದು ತುಂಬಿಡುವ ಕೊಂಬು ಅಲ್ಲೇ ನೇತಾಡುತ್ತಿತ್ತು, ಅದರ ಮೇಲೆ ಜೇಡನ ಬಲೆ ಕಟ್ಟಿತ್ತು. ಮಾವ ವರ್ಷಗಳಿಂದ ಖಾಲಿ ಕೋವಿ ಹೊತ್ತು ಕಾಡು ಸುತ್ತುತ್ತಿದ್ದರು.

ಮಾವ ಮಾಂಸವನ್ನೂ ತಿನ್ನುತ್ತಿರಲಿಲ್ಲ. ಮನೆಯಲ್ಲಿ ಕೋಳಿ ಮಾಡಿದ ದಿನ ಅವರಿಗೆ ಹಲ್ಲುನೋವು. ಎಂಥ ಹಲ್ಲುನೋವು ಅದು! ಮಾಂಸ ಕಂಡರೆ ಮಾತ್ರ ಬರುತ್ತಿತ್ತು. ಊಟ ಮುಗಿದ ಮೇಲೆ ಜಗಲಿಯಲ್ಲಿ ಕೂತು ಸುಟ್ಟ ಹಲಸಿನ ಬೀಜವನ್ನು ಕಟಕಟ ಕಡಿಯುವಾಗ ಆ ನೋವು ಎಲ್ಲಿಗೋ ಹೋಗಿರುತ್ತಿತ್ತು.

ಇದೆಲ್ಲದರ ಮೂಲ ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಅತ್ತೆಯೊಟ್ಟಿಗೆ ಮೀನು ತಿಕ್ಕುತ್ತಿದ್ದಾಗ.

ಮಾವ ಒಂದು ಕಾಲದಲ್ಲಿ ಆ ಕಡೆಯ ಒಳ್ಳೆಯ ಗುರಿಕಾರ. ನಮ್ಮ ಕಡೆ ಒಂದು ಕಟ್ಟಳೆ ಉಂಟು. ಪ್ರಾಣಿಯನ್ನು ಕೊನೆಗೆ ಯಾರೇ ಬೀಳಿಸಲಿ, ಎಲ್ಲೇ ಬೀಳಿಸಲಿ, ಮೊದಲ ಗುಂಡು ಯಾರದ್ದೋ ಅವನಿಗೆ ಒಂದು ತೊಡೆ ಸಲ್ಲಬೇಕು. ಮೊದಲ ಗುಂಡು ಯಾರದ್ದು ಎಂದು ಜಗಳ ಆಗಿ ಆಗಿ ಬೇಸತ್ತ ಮಾವ, ತಮ್ಮ ಗುಂಡುಗಳ ಮೇಲೆ ಚೂರಿಯಿಂದ ಕೂಡಿಸುವ ಲೆಕ್ಕದ ಗುರುತು ಕೆತ್ತತೊಡಗಿದರು. ಸೀಸದ ಗುಂಡು ಎಲುಬಿಗೆ ತಾಗಿ ಚಪ್ಪಟೆಯಾದರೆ ಗುರುತು ಅಳಿಸಿಹೋಗುತ್ತಿತ್ತು. ಅದಕ್ಕೂ ಅವರೇ ಉಪಾಯ ಹುಡುಕಿದರು. ಪಾತ್ರೆಗೆ ಕಲಾಯಿ ಹಾಕುವವನು ಊರಿಗೆ ಬಂದಾಗ ಅವನ ತವರವನ್ನು ಕಾಡಿ ಬೇಡಿ ಇಸಿದುಕೊಂಡು, ಸೀಸಕ್ಕೆ ಬೆರೆಸಿ ಎರಕ ಹೊಯ್ದರು. ಬೆಳ್ಳಗೆ ಹೊಳೆಯುವ ಗಟ್ಟಿ ಗುಂಡಾಯಿತು. ಅತ್ತೆಯ ಪಾತ್ರೆಗಳಿಗೆ ಆ ವರ್ಷ ಕಲಾಯಿ ಸಾಕಾಗದೆ ಸಾರೆಲ್ಲ ಕಿಲುಬು ವಾಸನೆ!

ಮದುವೆಯಾಗಿ ತುಂಬ ವರ್ಷಗಳ ಮೇಲೆ ಅತ್ತೆ ಬಸುರಿಯಾದದ್ದೂ ಅದೇ ವರ್ಷ. ಏಳು ತುಂಬಿದಾಗ ಅತ್ತೆಗೆ ಕಡವೆ ಮಾಂಸ ತಿನ್ನುವ ಬಯಕೆ. ಮಾವ ಅದ್ರಾಮ ಬ್ಯಾರಿಯನ್ನು ಜೊತೆಗೆ ಕರೆದುಕೊಂಡು ಹೋದರು. ಒಣಮೀನು ವ್ಯಾಪಾರ ಮಾಡಿಕೊಂಡು ಊರೂರು ನಡೆಯುತ್ತಿದ್ದ ಅದ್ರಾಮ ಬ್ಯಾರಿ ಮಾವನಿಗೆ ಚಿಕ್ಕಂದಿನ ಗೆಳೆಯ. ಸಂಪಾಜೆ ಕಡೆಯ ಏರಿನಲ್ಲಿ ಒಂದು ಕಡವೆ ಅಡ್ಡ ನಿಂತಿತ್ತು. ಮಾವ ಈಡು ಹಾರಿಸಿದರು. ಹಳೆಯ ಸೀಸದ ಗುಂಡಾಗಿದ್ದರೆ ಅಲ್ಲೇ ಬೀಳಬೇಕಿತ್ತು. ಈ ಗುಂಡಿಗೆ ಅದು ನೊಣ ಕೂತವರಂತೆ ಹೆಗಲು ಕೊಡವಿತು ಅಷ್ಟೆ. ಆಮೇಲೆ ಮೆಲ್ಲನೆ ತಿರುಗಿತು. ತಿರುಗಿದಾಗ ಇಬ್ಬರೂ ಅದರ ಹೊಟ್ಟೆ ನೋಡಿದರು. ತುಂಬು ಗಬ್ಬದ ಹೆಣ್ಣು.

ಕತ್ತಲಾಗುವವರೆಗೆ ನೆತ್ತರ ಜಾಡು ಹಿಡಿದು ನಡೆದರು. ಹೊಳೆಯ ಹತ್ತಿರ ಜಾಡು ನಿಂತುಹೋಯಿತು. "ಎಂತದೂ ಸಿಗ್ಲಿಲ್ಲ" ಎಂದು ಮಾವ ಮನೆಗೆ ಬಂದು ಹೇಳಿದರು. ಅದು ಮೊದಲ ಸುಳ್ಳು. ಆ ತಿಂಗಳು ಕಳೆಯುವುದರೊಳಗೆ ಅತ್ತೆ ಹೆತ್ತರು. ಗಂಡು ಮಗು, ಅಳಲಿಲ್ಲ. ಆಮೇಲೆ ಇನ್ನೊಂದು ಆಗಲಿಲ್ಲ.

"ಆ ಕಡವೆಯ ಶಾಪ ಅಂತ ಅವರ ತಲೆಯಲ್ಲಿ ಕೂತಿದೆ" ಅಂದರು ಅತ್ತೆ. "ಅದು ಎಲ್ಲಿಯಾದ್ರೂ ಬದುಕಿ ಉಂಟಾ ಅಂತ ಹುಡುಕುದು. ಅದ್ರಾಮಣ್ಣ ನನ್ನ ಹತ್ರ ಆವಾಗ್ಲೇ ಹೇಳಿದ್ರು."

"ನಿಮಗೆ ಗೊತ್ತುಂಟು ಅಂತ ಮಾವನಿಗೆ ಹೇಳ್ಬಹುದಲ್ಲ?"

"ಹೇಗೆ ಹೇಳುದು? ಮಾಂಸ ಬೇಕು ಅಂತ ಹಟ ಮಾಡಿದ್ದು ನಾನಲ್ವಾ? ಅದು ನನಗೆ ನೆನಪಾಗ್ಬಾರ್ದು ಅಂತಲೇ ಅವರು ದನ, ಜೇನು ಅಂತ ಹೇಳುದು." ಅತ್ತೆ ಕತ್ತಿಯನ್ನು ತೊಳೆದಿಟ್ಟು ಎದ್ದುಹೋದರು. ನಾನು ಆ ದಿನದ ನಂತರ ಮಾವನ ಸುಳ್ಳಿಗೆ ನಕ್ಕಿಲ್ಲ. ನಗು ಬಂದರೂ ನಕ್ಕಿಲ್ಲ.

ಹೀಗೇ ನಾಲ್ಕೈದು ಮಳೆಗಾಲ ಹೋಯಿತು. ಒಂದು ಆದಿತ್ಯವಾರ ಮಾವ ಇನ್ನೇನು ಹೊರಡಬೇಕು ಅನ್ನುವಷ್ಟರಲ್ಲಿ ಅದ್ರಾಮ ಬ್ಯಾರಿ ಬಂದರು. ಒಂದು ಕೈಯಲ್ಲಿ ಅಡಿಕೆ ಹಾಳೆಯಲ್ಲಿ ಕಟ್ಟಿದ ದೊಡ್ಡ ಪೊಟ್ಟಣ.

"ಗೌಡ್ರೆ, ನಿಮ್ಮ ಪಾಲು. ಕಾಡಿನ ಆಚೆ ಕೊಲ್ಲಮೊಗ್ರಿನವರು ಕಳಿಸಿದ್ದು. ಹಲಾಲ್ ಮಾಡಿದ್ದಲ್ಲ, ನಾನು ತಿನ್ನುವ ಮಾಂಸ ಅಲ್ಲ ಇದು, ಹೊತ್ತದ್ದು ಮಾತ್ರ."

"ಎಂತದ್ದು ಪಾಲು? ನಾನು ಈಡು ಹಾಕದೆ ಎಷ್ಟು ವರ್ಷ ಆಯ್ತು."

ಅದ್ರಾಮ ಬ್ಯಾರಿ ಸೊಂಟದ ಬೆಲ್ಟಿನ ಕಿಸೆಗೆ ಕೈಹಾಕಿ ಏನನ್ನೋ ತೆಗೆದು ಮಾವನ ಅಂಗೈಯಲ್ಲಿಟ್ಟರು. ಬೆಳ್ಳನೆಯ ಗುಂಡು. ಅದರ ಮೇಲೆ ಕೂಡಿಸುವ ಗುರುತು, ಒಂದಿಷ್ಟೂ ಅಳಿಸಿರಲಿಲ್ಲ.

"ಮುದಿ ಕಡವೆ ಅಂತೆ, ಹಲ್ಲೆಲ್ಲ ಸವೆದಿತ್ತಂತೆ. ಚರ್ಮ ಸುಲಿಯುವಾಗ ಹೆಗಲಲ್ಲಿ ಸಿಕ್ಕಿದ್ದು. ಎಲುಬಿಗೆ ತಾಗಿ ಜಾರಿ ಚರ್ಮದ ಅಡಿಯಲ್ಲೇ ಕೂತಿತ್ತಂತೆ, ಹಲಸಿನ ಬೀಜ ಸೊಳೆಯೊಳಗೆ ಕೂತ ಹಾಗೆ. ಗುರುತು ನೋಡಿದ ಕೂಡ್ಲೆ ನಿಮ್ಮದು ಅಂತ ಗೊತ್ತಾಯ್ತು."

ಮಾವ ಗುಂಡನ್ನು ಬೆರಳಲ್ಲಿ ಹೊರಳಿಸಿ ಹೊರಳಿಸಿ ನೋಡಿದರು. ಆಮೇಲೆ, "ಮರಿ?" ಅಂದರು.

"ವರ್ಷ ವರ್ಷ ಮರಿಯೊಟ್ಟಿಗೆ ಅವರ ಗದ್ದೆಗೆ ಬರ್ತಿತ್ತಂತೆ, ಸ್ವಲ್ಪ ಕುಂಟಿಕೊಂಡು. ಮೊನ್ನೆಯೂ ಒಂದು ಮರಿ ಇತ್ತಂತೆ, ಅದು ಓಡಿತು."

"ಆ ಮರಿ ಅಲ್ಲ. ಆವತ್ತಿನದ್ದು."

ಅದ್ರಾಮ ಬ್ಯಾರಿ ಅಂಗಳದ ಕಡೆ ನೋಡಿದರು. "ತಾಯಿ ಬದುಕಿದ ಮೇಲೆ ಅದು ಬದುಕದೆ ಇರ್ತದಾ ಮಾರಾಯ್ರೆ" ಅಂದರು. ಸುಳ್ಳು ಹೇಳುವುದರಲ್ಲಿ ಅವರೂ ಮಾವನಷ್ಟೇ ದಡ್ಡರು.

ಮಾವ ಕೋವಿಯನ್ನು ಗೋಡೆಗೊರಗಿಸಿ ಅಡುಗೆಮನೆಗೆ ಬಂದರು. ಅತ್ತೆ ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು, ನಾನು ಒಲೆಯ ಹತ್ತಿರ. ಮಾವ ಬಾಯಿ ತೆರೆದರು. ಈಗ ಇನ್ನೊಂದು ದನವೋ ಜೇನೋ ಬರುತ್ತದೆ ಎಂದುಕೊಂಡೆ. ಏನೂ ಬರಲಿಲ್ಲ. ಗುಂಡನ್ನು ಅತ್ತೆಯ ಮುಂದೆ ಹಿಡಿದರು.

"ನನಗೆ ಗೊತ್ತುಂಟು" ಅಂದರು ಅತ್ತೆ. "ಮೊದಲಿಂದಲೂ ಗೊತ್ತುಂಟು."

ಮಾವ ಅಲ್ಲೇ ನೆಲದ ಮೇಲೆ ಕೂತರು. "ಬದುಕಿತ್ತಂತೆ. ಮರಿ ಹಾಕಿತ್ತಂತೆ. ಶಾಪ ಎಂತದೂ ಇಲ್ಲ ಮಾರಾಯ್ತಿ."

ಅತ್ತೆ ಗುಂಡನ್ನು ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು. ಅದನ್ನೇ ನೋಡುತ್ತ ಕೇಳಿದರು. "ಹಾಗಾದ್ರೆ ನಮ್ಮ ಮಗು ಯಾಕೆ ಹೋದ್ದು?"

ಎಲ್ಲದಕ್ಕೂ ಒಂದು ಸುಳ್ಳು ಇಟ್ಟುಕೊಂಡಿದ್ದ ಮನುಷ್ಯ. ಆವತ್ತು ಒಂದಾದರೂ ಸಿಗಲಿ ಎಂದು ನಾನೇ ದೇವರಲ್ಲಿ ಬೇಡಿಕೊಂಡೆ.

"ಗೊತ್ತಿಲ್ಲ" ಅಂದರು ಮಾವ. "ನಿನ್ನಿಂದ ಅಲ್ಲ. ಅದೊಂದು ಗೊತ್ತುಂಟು."

ಅತ್ತೆ ಅತ್ತರು. ನಾನು ಆ ಮನೆಗೆ ಬಂದ ಮೇಲೆ ಅವರು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಹೊರಗೆ ಅದ್ರಾಮ ಬ್ಯಾರಿ ಕೆಮ್ಮಿದರು. ಪಾಲಿಗೆ ಬಂದ ತೊಡೆಯನ್ನು ಮೇಲಿನ ಮನೆಯವರಿಗೆ ಕೊಟ್ಟುಬಿಡು ಎಂದು ಅತ್ತೆ ನನಗೆ ಕೈಸನ್ನೆ ಮಾಡಿದರು. ನಾನು ಏಳುವಾಗ ಮಾವನ ದನಿ ಕೇಳಿತು.

"ಇನ್ನು ಆದಿತ್ಯವಾರ ನಾನು ಎಂತ ಮಾಡುದು?"

"ಇಲ್ಲಿ ಕೂತ್ಕೊಳ್ಳಿ" ಅಂದರು ಅತ್ತೆ. ಕಾಯಿಯ ತಟ್ಟೆಯನ್ನು ಆಚೆ ಸರಿಸಿ, ತಮ್ಮ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿದರು.