ಬೆನ್ನೊಳಗಿನ ಬಣ್ಣ

ಬೆನ್ನುನೋವಿನವನಿಗೆ ನಗು ಬರುವ ಪ್ರಸಂಗಗಳು ನಡೆಯುವುದೇ ನಗಲಾಗದ ಹೊತ್ತಿನಲ್ಲಿ. ನಕ್ಕರೆ ಸೊಂಟ ಹಿಡಿಯುತ್ತದೆ, ನಗದಿದ್ದರೆ ಮನೆಯವರು ಹೆದರುತ್ತಾರೆ. ನನ್ನದು ದೇವರಾಜ ಮೊಹಲ್ಲಾದಲ್ಲಿ ಸೀರೆಗಳಿಗೆ ಬಣ್ಣ ಹಾಕುವ ಕಸುಬು. ಕುದಿಯುವ ಹಂಡೆಯ ಮೇಲೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ಮತ್ತೆ ಹಂಡೆಯ ಮುಂದೆ ನಿಲ್ಲುವಂತಾದರೆ ಸಾಕು ಎಂಬ ಒಂದೇ ಆಸೆಯಿಂದ ಆಸ್ಪತ್ರೆಗೆ ಹೋದೆ.

ಬಿಡುವ ಮಾತು

ಡಾಕ್ಟರು ಅಲ್ಲಲ್ಲಿ ಒತ್ತಿ ನೋಡಿ, "ಬೆನ್ನಲ್ಲಿ ಬಣ್ಣ ಬಿಟ್ಟು ಎಕ್ಸ್‌ರೇ ತೆಗೀಬೇಕು," ಅಂದರು.

ಬಣ್ಣ ಬಿಡುವುದು ಅಂದರೆ ನಮ್ಮ ಕಸುಬಿನಲ್ಲಿ ಬೈಗುಳ. ಒಗೆದಾಗ ಸೀರೆ ಬಣ್ಣ ಬಿಟ್ಟರೆ ಗಿರಾಕಿ ನಮ್ಮನ್ನು ಬಿಡುತ್ತಾನೆ. ನನಗೆ ಪಿತ್ತ ನೆತ್ತಿಗೇರಿತು. "ನನ್ನ ಬೆನ್ನು ಇವತ್ತಿನವರೆಗೂ ಬಣ್ಣ ಬಿಟ್ಟಿಲ್ಲ ಸಾರ್!"

"ಇನ್ನೂ ಹಾಕೇ ಇಲ್ವಲ್ಲ ಕಣ್ರೀ," ಅಂದರು ಡಾಕ್ಟರು. ಆಮೇಲೆ ಸಮಾಧಾನವಾಗಿ ತಿಳಿಸಿದರು. ಅದು ಎಣ್ಣೆಯಂಥ ಔಷಧಿ, ಸೂಜಿಯಲ್ಲಿ ಬೆನ್ನುಮೂಳೆಯೊಳಗೆ ಬಿಡುತ್ತಾರೆ, ಫಿಲ್ಮಿನಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ.

"ಬಿಳಿ ಒಂದು ಬಣ್ಣವಾ ಸಾರ್?" ಅಂದೆ. ಡಾಕ್ಟರು ಮುಂದಿನವರನ್ನು ಕರೆದರು.

ಮುಖವಿಲ್ಲದ ಫೋಟೋ

ಎಕ್ಸ್‌ರೇ ಅಂದರೆ ಫೋಟೋ ಅಂದುಕೊಂಡು ಹೆಂಡತಿ ನನಗೆ ಇಸ್ತ್ರಿ ಮಾಡಿದ ಶರ್ಟು ತೊಡಿಸಿ, ವಿಭೂತಿ ಹಚ್ಚಿ, ತಲೆ ಬಾಚಿ ಜಟಕಾ ಹತ್ತಿಸಿದಳು. ಅಲ್ಲಿ ಒಳಗೆ ಹೋಗುತ್ತಲೇ ಶರ್ಟು ಬಿಚ್ಚಿಸಿ ಬೋರಲು ಮಲಗಿಸಿದರು. ಸೂಜಿ ಇಳಿದಾಗ ಶಿವಶಿವಾ ಅಂತ ಕೂಗಿಕೊಂಡೆ. ಎಣ್ಣೆ ಹರಿಯಲಿ ಅಂತ ಮೇಜನ್ನೇ ಅತ್ತ ಇತ್ತ ಓರೆ ಮಾಡಿದರು. ಫೋಟೋ ಮುಗಿದ ಮೇಲೆ ಅದೇ ಸೂಜಿಯಿಂದ ಎಣ್ಣೆಯನ್ನು ವಾಪಸ್ ಎಳೆದರು. ಜೀವ ಬಾಯಿಗೆ ಬಂದಿತ್ತು.

ಹೊರಗೆ ತಂದಾಗ ಹೆಂಡತಿ ಕೇಳಿದಳು, "ಚೆನ್ನಾಗಿ ಬಂತೇನ್ರೀ?"

"ಮುಖ ಬಂದಿಲ್ಲ ಕಣೆ."

"ಹಂಗಾದ್ರೆ ಇನ್ನೊಂದು ಸಲ ತೆಗೀರಿ ಅನ್ನಿ!"

ನಮ್ಮದಲ್ಲದ ನೋವು

ಮಾರನೆಯ ದಿನ ವಾರ್ಡಿನಲ್ಲಿ ತಲೆ ಎತ್ತಿದರೆ ಸಿಡಿದುಹೋಗುವಂಥ ನೋವು, ವಾಂತಿ. ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ. ಹೆಂಡತಿ ಡಾಕ್ಟರನ್ನು ಅಡ್ಡಗಟ್ಟಿದಳು.

"ಈ ಬಣ್ಣ ಹಾಕಿದ ಮೇಲೆ ಕೆಲವರಿಗೆ ಹೀಗಾಗುತ್ತಮ್ಮ," ಅಂದರು ಅವರು.

"ನಾವು ಬರೋವಾಗ ತಂದಿದ್ದು ಸೊಂಟನೋವು ಒಂದೇ ಸಾರ್. ಈ ತಲೆನೋವು ನಮ್ಮದಲ್ಲ, ನೀವೇ ಇಟ್ಕೊಳ್ಳಿ."

ವಾರ್ಡಿಗೆ ವಾರ್ಡೇ ನಕ್ಕಿತು. ನಗುವುದಕ್ಕೂ ನನಗೆ ಅಪ್ಪಣೆ ಇರಲಿಲ್ಲ.

ಹೋಗದ ಬಣ್ಣ

ತಲೆನೋವೇನೋ ಹೋಯಿತು. ಆದರೆ ದಿನ ಕಳೆದ ಹಾಗೆ ಕಾಲುಗಳಲ್ಲಿ ಉರಿ ಶುರುವಾಯಿತು, ಕೆಂಡದ ಮೇಲೆ ನಿಂತ ಹಾಗೆ. ಮತ್ತೆ ಎಕ್ಸ್‌ರೇ. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೊಂಟದ ಹತ್ತಿರ ಬೆನ್ನುಮೂಳೆಯೊಳಗೆ ಬೆಳ್ಳನೆಯ ಹನಿಗಳು ಇನ್ನೂ ಕೂತಿದ್ದವು.

"ಅವತ್ತು ಎಷ್ಟು ಎಳೆದರೂ ಎಲ್ಲಾ ಹೊರಗೆ ಬರಲಿಲ್ಲ. ಉಳಿದದ್ದು ನರಗಳನ್ನ ಕೆರಳಿಸಿರಬೇಕು," ಅಂದರು. ಫಿಲ್ಮನ್ನು ಕೆಳಗಿಟ್ಟು, "ಇನ್ನು ಹಂಡೆ ಕೆಲಸ ಆಗಲ್ಲ, ಬಿಟ್ಬುಡಿ," ಅಂದರು. ಪಾಪ, ಅವರ ಮುಖವೂ ಸಣ್ಣದಾಗಿತ್ತು. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕೈಯಲ್ಲಿ ಕಸುಬಿದ್ದೂ ಮಾಡಲಾಗದವನ ಸಂಕಟ ಶತ್ರುವಿಗೂ ಬೇಡ.

ಹಂಡೆ ನನ್ನ ಭಾವಮೈದನ ಕೈಗೆ ಹೋಯಿತು. ಅವನಿಗೆ ಹದ ಗೊತ್ತಿಲ್ಲ. ನಾನು ಬಾಗಿಲ ಪಕ್ಕದ ಚಾಪೆಯ ಮೇಲಿಂದ ಹೇಳಿಕೊಡುತ್ತಿದ್ದೆ, ಅವನು ತಲೆಯಾಡಿಸಿ ಕೆಡಿಸುತ್ತಿದ್ದ. ಒಂದು ದಿನ ಶ್ರೀರಾಂಪುರದ ಗಿರಾಕಿ ಹೆಂಗಸೊಬ್ಬಳು ಬಂದು ಬಣ್ಣ ಮಾಸಿದ ಸೀರೆಯನ್ನು ನನ್ನ ಮುಂದೆ ಕೊಡವಿದಳು. "ಏನ್ರೀ ಇದು, ಒಂದು ಒಗೆತಕ್ಕೇ ಹೊಂಟೋಯ್ತು! ಏನು ಮಾಡಿದ್ರೂ ಹೋಗದೇ ಇರೋ ಬಣ್ಣ ಒಂದೂ ಇಲ್ವಾ ನಿಮ್ಮನೇಲಿ?"

ಭಾವಮೈದ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಎಷ್ಟೋ ದಿನದಿಂದ ನೆಟ್ಟಗೆ ಮಾತೇ ಆಡದಿದ್ದ ಹೆಂಡತಿ ಒಳಗಿಂದ ಬಂದು ಸೀರೆ ಈಸಿಕೊಂಡಳು.

"ಐತೆ ಕಣಮ್ಮ," ಅಂದಳು. "ನಮ್ಮ ಯಜಮಾನ್ರು ಬೆನ್ನೊಳಗೆ ಇಟ್ಕೊಂಡವ್ರೆ. ಡಾಕ್ಟ್ರು ಎಷ್ಟು ಎಳೆದ್ರೂ ವಾಪಸ್ ಕೊಡಲಿಲ್ಲ!"